ಹೆರಿಗೆ ಮೇಜಿನ ಕೆಳಗೆ ಆದ ಹೆರಿಗೆಯ ಬಗ್ಗೆ

ಆಸ್ಪತ್ರೆ ಪೀಠೋಪಕರಣ ಶಾಖೆ
(ಮೇಜು, ಕುರ್ಚಿ, ಸ್ಟೂಲು ಮತ್ತು ಬೆಂಚು)
ಮೈಸೂರು ಜಿಲ್ಲೆ

ಸಂಖ್ಯೆ: ಆ.ಪೀ.ಶಾ/ಹೆ.ಮೇ/ಕೆಳಗೆ/೧/೧೯೬೮–೬೯
ದಿನಾಂಕ: ೧೧ನೇ ನವೆಂಬರ್ ೧೯೬೮

ವಿಷಯ: ಹೆಗ್ಗಡದೇವನಕೋಟೆ ತಾಲ್ಲೂಕು ಬೂದಿಹಳ್ಳ ಗ್ರಾಮಾಂತರ ಆಸ್ಪತ್ರೆಯಲ್ಲಿ ಹೆರಿಗೆ ಮೇಜು ಸುಸ್ಥಿತಿಯಲ್ಲಿದ್ದಾಗ್ಯೂ ಅದರ ಕೆಳಗೆ ಹೆರಿಗೆಯಾಗಿರುವ ಬಗ್ಗೆ, ಹಾಗೂ ಹೆರಿಗೆ ರಿಜಿಸ್ಟರಿನ ಏಳನೇ ಕಲಮು ತುಂಬುವ ಬಗ್ಗೆ.

ಉಲ್ಲೇಖ:
(೧) ಸದರಿ ಆಸ್ಪತ್ರೆಯ ಕಾಂಪೌಂಡರ್ ಶ್ರೀ ಕಂಠಪ್ಪನವರ ಪತ್ರ, ದಿ. ೧೯–೮–೬೮.
(೨) ಈ ಶಾಖೆಯಿಂದ ಹೊರಟ ಕಾರಣ ಕೇಳುವ ನೋಟೀಸು, ದಿ. ೨–೯–೬೮.
(೩) ದಾದಿ ಕುಮಾರಿ ಶಿವನಂಜಮ್ಮನವರ ವಿವರಣೆ, ಹನ್ನೊಂದು ಪುಟ (ಕೇಳಿದ್ದು ಒಂದು ಪುಟ).
(೪) ಸ್ಥಳ ತನಿಖೆಯ ಟಿಪ್ಪಣಿ, ದಿ. ೧೭–೧೦–೬೮.

ಜಿಲ್ಲೆಯ ಗ್ರಾಮಾಂತರ ಆಸ್ಪತ್ರೆಗಳ ದಾದಿಯರು, ಸೂಲಗಿತ್ತಿಯರು, ಕಾಂಪೌಂಡರುಗಳು ಮತ್ತು ಆಯಾಗಳೆಲ್ಲರ ಅವಗಾಹನೆಗೆ ತರಲಾಗುವುದೇನೆಂದರೆ, ಮೇಲ್ಕಂಡ ವಿಷಯದಲ್ಲಿ ಹಲವು ತಾಲ್ಲೂಕುಗಳಿಂದ ಪ್ರಶ್ನೆಗಳು ಬಂದಿರುತ್ತವೆ. ನಡೆದದ್ದನ್ನು ತಿಳಿಯದೆ ನಿಯಮವನ್ನಷ್ಟೇ ಓದಿದರೆ ಶಾಖೆಗೆ ತಲೆ ಕೆಟ್ಟಿದೆಯೆಂಬ ಭಾವನೆ ಬರುವ ಸಂಭವವಿರುವುದರಿಂದ, ನಡೆದದ್ದನ್ನು ಮೊದಲಿನಿಂದ ಹೇಳಲಾಗಿದೆ. ಜನ ಆಡಿದ ಮಾತುಗಳನ್ನು ಆಡಿದ ಹಾಗೆಯೇ ಇಡಲಾಗಿದೆ. ತಿದ್ದಲು ಪ್ರಯತ್ನಿಸಲಾಗಿ, ಅರ್ಥ ಕೆಟ್ಟಿತು.

೧. ಕುಮಾರಿ ಶಿವನಂಜಮ್ಮ, ವಯಸ್ಸು ಇಪ್ಪತ್ತೆರಡು, ಕೃಷ್ಣರಾಜನಗರದ ಕಡೆಯ ನಾಲೆ ಬಯಲಿನ ಒಕ್ಕಲು ಮನೆತನದವರು. ಮೈಸೂರಿನಲ್ಲಿ ಮೂರೂವರೆ ವರ್ಷ ದಾದಿ ಮತ್ತು ಸೂಲಗಿತ್ತಿ ತರಬೇತಿ ಮುಗಿಸಿ, ೩ನೇ ಜೂನ್ ೧೯೬೮ರ ಸೋಮವಾರ ಹತ್ತೂವರೆಯ ಬಸ್ಸಿನಲ್ಲಿ ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ಒಂದು ಕೇಸು ಪುಸ್ತಕದ ಸಮೇತ ಬೂದಿಹಳ್ಳದಲ್ಲಿ ಇಳಿದರು. ಆ ಪುಸ್ತಕದಲ್ಲಿ ಅವರು ತರಬೇತಿಯ ಕಾಲದಲ್ಲಿ ಸ್ವಂತ ಕೈಯಿಂದ ಮಾಡಿಸಿದ ಮೂವತ್ತೆರಡು ಹೆರಿಗೆಗಳ ವಿವರವಿದೆ. ಮೂವತ್ತೆರಡೂ ಮೇಜಿನ ಮೇಲೆಯೇ ಆದವು ಎಂಬುದನ್ನು ಈ ಶಾಖೆ ಸಂತೋಷದಿಂದ ಗಮನಿಸಿದೆ.

೨. ಬೂದಿಹಳ್ಳದ ಮೊದಲ ಹತ್ತು ದಿನ ಅವರ ಬಳಿಗೆ ಒಬ್ಬ ಬಸುರಿಯೂ ಬರಲಿಲ್ಲ. ಬಂದವರು ಜಗಲಿಯ ಮೆಟ್ಟಿಲ ತನಕ ಬಂದು, ಅವರನ್ನು ನೋಡಿ, ಸೆರಗು ಸರಿಮಾಡಿಕೊಂಡು ಹಿಂದಿರುಗುತ್ತಿದ್ದರು. ತಮ್ಮ ಮುಖದಲ್ಲೇ ಏನೋ ದೋಷವಿರಬೇಕೆಂದು ಶಿವನಂಜಮ್ಮನವರು ಕನ್ನಡಿಯಲ್ಲಿ ಹುಡುಕಿದರು. ಹನ್ನೊಂದನೇ ದಿನ ಆಯಾ ಸಾಕಮ್ಮನವರು ಕಸಬರಿಕೆ ಗೋಡೆಗೆ ಒರಗಿಸಿ ಹೀಗೆ ಹೇಳಿದರು:

"ಬೇಜಾರ್ ಮಾಡ್ಕಬ್ಯಾಡಿ ಸಿಸ್ಟರಮ್ಮ. ಬೆಳಗೆದ್ದು ಬಿಳೀ ಸೀರೆ ಕಣ್ಗೆ ಬಿದ್ರೆ ಬಸುರಿ ಎಂಗಸ್ರು ಇಂದಕ್ ಓಯ್ತಾರೆ. ನಿಮ್ಮನ್ನ ಗಂಡ ಕಳ್ಕಂಡೋರು ಅಂದ್ಕಂಡವ್ರೆ."

"ನನಗಿನ್ನೂ ಮದುವೆಯೇ ಆಗಿಲ್ಲವಲ್ಲ ಸಾಕಮ್ಮ."

"ನಾನೂ ಅದ್ನೇ ಏಳ್ದೆ. ಮದ್ವೆಗೂ ಮುಂಚೇನೇ ಇಂಗಾಯ್ತಾ ಪಾಪ ಅಂತ ಇನ್ನೊಂದ್ ಸಲ ಮರುಗುದ್ರು."

ಮಾರನೆಯ ದಿನದಿಂದ ಸಾಕಮ್ಮನವರು ತಮ್ಮ ಹಿತ್ತಿಲ ಕನಕಾಂಬರ ಕಟ್ಟಿ ತಂದು ಶಿವನಂಜಮ್ಮನವರ ಬಿಳಿ ಟೋಪಿಯ ಹಿಂದೆ ಸಿಕ್ಕಿಸತೊಡಗಿದರು. ಮೊದಮೊದಲು ಸದರಿ ದಾದಿಯವರು ನಾಚಿಕೊಂಡು ತೆಗೆದಿಡುತ್ತಿದ್ದರು. ಮೂರನೆಯ ದಿನ ಒಬ್ಬ ಬಸುರಿ ಒಳಗೆ ಬಂದು ಬೆಂಚಿನ ಮೇಲೆ ಕೂತಿದ್ದನ್ನು ಕಂಡ ಮೇಲೆ ತೆಗೆಯುವುದನ್ನು ಬಿಟ್ಟರು.

೩. ಈ ಸಂಬಂಧ ನಿಯಮ: ಕರ್ತವ್ಯದ ಮೇಲಿರುವ ದಾದಿಯರು ಟೋಪಿಗೆ ಒಂದು ಗೇಣು ಮೀರದಂತೆ ಹೂವು ಮುಡಿಯಬಹುದು. ಕನಕಾಂಬರ ಸಿಗದ ಋತುವಿನಲ್ಲಿ ಸೇವಂತಿಗೆಯನ್ನು ಬಳಸುವವರು ಕಾರಣವನ್ನು ಲಿಖಿತವಾಗಿ ಕೊಡತಕ್ಕದ್ದು. ಮಲ್ಲಿಗೆ ಬಿಳಿಯಾಗಿರುವುದರಿಂದ ಉದ್ದೇಶ ಈಡೇರುವುದಿಲ್ಲ.

೪. ಇನ್ನು ಮೇಜಿನ ವಿಚಾರ. ಮೇಜು ಕಬ್ಬಿಣದ್ದು, ಎತ್ತರ ಎರಡು ಅಡಿ ಹತ್ತು ಅಂಗುಲ. ಕಾಲುಗಳ ನಡುವೆ ಹಿಡಿಗಾತ್ರದ ಅಡ್ಡಪಟ್ಟಿಯಿದೆ. ಮೇಲಕ್ಕೆ ಹತ್ತಲು ಬೇಕಾದ ಸ್ಟೂಲು ೧೯೬೪ರಲ್ಲಿ ಮಂಜೂರಾಗಿದ್ದು, ದಾರಿಯಲ್ಲಿದೆ. ಶಿವನಂಜಮ್ಮನವರು ಬರುವ ತನಕ ಮೇಜಿನ ಮೇಲೆ ಕಾಂಪೌಂಡರ್ ಕಂಠಪ್ಪನವರು ಔಷಧಿಯ ಸೀಸೆಗಳನ್ನು ತೊಳೆದು ಒಣಗಲು ಇಡುತ್ತಿದ್ದರು. ಸದರಿ ದಾದಿಯವರು ಬಂದ ಮಾರನೆಯ ದಿನವೇ ಸೀಸೆಗಳನ್ನು ಇಳಿಸಿ, ಮೇಜನ್ನು ಲೈಸಾಲಿನಿಂದ ಒರೆಸಿ, ರಬ್ಬರ್ ಹಾಳೆ ಹಾಸಿ, ಅದರ ಪಕ್ಕದಲ್ಲಿ ನಿಂತರು. ಹೀಗೆ ಪ್ರತಿ ಬೆಳಗ್ಗೆಯೂ ಒರೆಸಿ ನಿಂತರು.

ಜುಲೈ ತಿಂಗಳಲ್ಲಿ ರಾವಂದೂರಿನಿಂದ ತವರಿಗೆ ಬಂದಿದ್ದ ಒಬ್ಬಾಕೆ ನೋವು ಕಾಣಿಸಿಕೊಂಡು ಗಾಡಿಯಲ್ಲಿ ಬಂದರು. ಶಿವನಂಜಮ್ಮನವರು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಆಕೆ ಮೇಜನ್ನು ಸುತ್ತ ನೋಡಿ, "ಎಣ ಕುಯ್ಯೋ ಮೇಜ್ ಅಲ್ವಾ ಇದು?" ಎಂದು ಸಾಕಮ್ಮನವರನ್ನು ಕೇಳಿದರು. ಹೆಣದ ಮೇಜಲ್ಲವೆಂದು ಸಾಕಮ್ಮನವರು ಹೇಳಿದರೂ, ಹೇಳುವ ಮುಂಚೆ ಒಂದು ಕ್ಷಣ ಯೋಚಿಸಿದರು. ಅಷ್ಟು ಸಾಕಾಯಿತು. ಆಕೆ ಬಂದ ಗಾಡಿಯಲ್ಲೇ ಹಿಂದಿರುಗಿ ಮನೆಯಲ್ಲಿ ಹೆತ್ತರು. ತಾಯಿ ಮಗು ಕ್ಷೇಮವೆಂಬ ಸುದ್ದಿ ಸಂಜೆ ಬಂದಾಗ ಶಿವನಂಜಮ್ಮನವರು "ಒಳ್ಳೆಯದಾಯಿತು" ಎಂದು ಹೇಳಿ, ಉಗ್ರಾಣಕ್ಕೆ ಹೋಗಿ, ಬ್ಲೀಚಿಂಗ್ ಪೌಡರಿನ ಡಬ್ಬದ ಹಿಂದೆ ಕೂತು ಅತ್ತರು. ಮೂರೂವರೆ ವರ್ಷ ಕಲಿತದ್ದೆಲ್ಲ ಮೇಜು ಒರೆಸುವುದಕ್ಕೇ ಆಯಿತೇ ಎಂದು ಅವರಿಗನಿಸಿತು. ಇದನ್ನು ಅವರೇ ವಿವರಣೆಯ ನಾಲ್ಕನೇ ಪುಟದಲ್ಲಿ ಬರೆದಿರುತ್ತಾರೆ.

೫. ಉಗ್ರಾಣದಲ್ಲಿ ಅಳುವ ಸಿಬ್ಬಂದಿಯವರು ಡಬ್ಬದ ಮುಚ್ಚಳ ಭದ್ರವಾಗಿದೆಯೇ ಎಂದು ಮೊದಲು ನೋಡತಕ್ಕದ್ದು. ತೇವ ತಾಗಿದರೆ ಪುಡಿ ಕೆಡುತ್ತದೆ.

೬. ೧೨ನೇ ಆಗಸ್ಟ್, ಸೋಮವಾರ. ವೈದ್ಯಾಧಿಕಾರಿಗಳು ಜೀಪಿನಲ್ಲಿ ಕುಟುಂಬ ಯೋಜನೆಯ ಶಿಬಿರಕ್ಕೆ ಹೋಗಿದ್ದರು. ಹಿಂದಿನ ದಿನದ ಮಳೆಗೆ ಹಳ್ಳ ಉಕ್ಕಿ ಬಸ್ಸು ನಿಂತಿತ್ತು. ಬೆಳಗ್ಗೆ ಒಂಬತ್ತೂವರೆಗೆ ಕಾಡಂಚಿನ ಗಿರಿಜನರ ಹಾಡಿಯಿಂದ ಕೆಂಚ ಎಂಬಾತ ತನ್ನ ಅಣ್ಣನೊಡನೆ ಕಂಬಳಿಯ ಜೋಲಿಯಲ್ಲಿ ಹೆಂಡತಿಯನ್ನು ಆರು ಮೈಲಿ ಹೊತ್ತು ತಂದನು. ಹೆಂಡತಿಯ ಹೆಸರು ಚಿಕ್ಕಮಾದಿ, ಚೊಚ್ಚಲು. ಜೊತೆಗೆ ಕೆಂಚನ ಅಜ್ಜಿ ಬೆಳ್ಳಿ ನಡೆದು ಬಂದಿದ್ದರು. ಹಾಡಿಯಲ್ಲಿ ನಲವತ್ತು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದವರು ಇವರೇ. ಯಾರನ್ನೂ ಆಸ್ಪತ್ರೆಗೆ ತಂದವರಲ್ಲ.

"ಎಲ್ಡ್ ದಿನ ಆತು ನೋವು ಸುರುವಾಗಿ," ಎಂದು ಬೆಳ್ಳಿ ಜಗಲಿಯಲ್ಲಿ ನಿಂತೇ ಹೇಳಿದರು. "ಕೂಸು ಇಳೀತಾ ಇಲ್ಲ. ಏನೋ ಅಡ್ಡ ಆಗದೆ, ನನ್ ಕೈಗೆ ತಿಳೀತಾ ಇಲ್ಲ. ಅದ್ಕೇ ತಂದೆ."

ನಲವತ್ತು ವರ್ಷದ ಅನುಭವದವರು ತಮ್ಮ ಕೈಗೆ ತಿಳಿಯದೆಂದು ಒಪ್ಪಿಕೊಂಡು ಆರು ಮೈಲಿ ನಡೆದು ಬಂದದ್ದರ ತೂಕ ಆ ಹೊತ್ತಿನಲ್ಲಿ ತಮಗೆ ಗೊತ್ತಾಗಲಿಲ್ಲವೆಂದು ಶಿವನಂಜಮ್ಮನವರು ಬರೆದಿರುತ್ತಾರೆ. ಅವರು ಬೆಳ್ಳಿಯನ್ನು, "ನೀನು ಆಚೆ ಕೂತ್ಕೊ ಅಜ್ಜಿ," ಎಂದು ಹೊರಗಿನ ಬೆಂಚಿಗೆ ಕಳುಹಿಸಿದರು.

೭. ಕೆಂಚನೂ ಸಾಕಮ್ಮನವರೂ ಸೇರಿ ಚಿಕ್ಕಮಾದಿಯನ್ನು ಮೇಜಿನ ಮೇಲೆ ಮಲಗಿಸಿದರು. ಆ ಕೋಣೆಗೆ ದೊಡ್ಡ ಕಿಟಕಿ, ಕಿಟಕಿಗೆ ಪರದೆಯಿಲ್ಲ. ಚಿಕ್ಕಮಾದಿ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ಚಾವಣಿ ನೋಡುತ್ತಾ ಮಲಗಿದಳು. ಅದುವರೆಗೆ ಐದು ನಿಮಿಷಕ್ಕೊಮ್ಮೆ ಬರುತ್ತಿದ್ದ ನೋವು ನಿಂತೇಹೋಯಿತು. ಹತ್ತು ನಿಮಿಷ ಕಾದರೂ ಬರಲಿಲ್ಲ. ಶಿವನಂಜಮ್ಮನವರು ಹತ್ತಿಯನ್ನು ತರಲು ಬೀರುವಿನ ಕಡೆ ತಿರುಗಿದಾಗ ಏನೋ ಸರಿದ ಸದ್ದಾಯಿತು. ತಿರುಗಿ ನೋಡಿದರೆ ಮೇಜು ಬರಿದಾಗಿತ್ತು.

ಚಿಕ್ಕಮಾದಿ ಮೇಜಿನ ಕೆಳಗೆ ಇದ್ದಳು. ಮಂಡಿ ಮಡಿಸಿ ಕುಕ್ಕುರುಗಾಲಲ್ಲಿ ಕೂತು, ಅಡ್ಡಪಟ್ಟಿಯನ್ನು ತಬ್ಬಿಕೊಂಡಿದ್ದಳು.

ಮೇಲೆ ಬಾ ಎಂದು ಶಿವನಂಜಮ್ಮನವರು ಮೊದಲು ಮೆಲ್ಲಗೆ ಹೇಳಿದರು. ಆಮೇಲೆ ಜೋರಾಗಿ ಹೇಳಿದರು. ಕೊನೆಗೆ, "ಮೇಲೆ ಬರದಿದ್ದರೆ ನಾನು ಹೆರಿಗೆ ಮಾಡಿಸುವುದಿಲ್ಲ," ಎಂದರು. ಈ ಮಾತು ಬಾಯಿಂದ ಬಂದ ಕೂಡಲೇ ತಮಗೆ ತಮ್ಮ ಮೇಲೆ ಹೇಸಿಗೆಯಾಯಿತೆಂದು ಬರೆದಿರುತ್ತಾರೆ. ಆದರೆ ಏನು ಮಾಡುವುದೆಂದು ತೋಚಲಿಲ್ಲ. ಕಲಿತ ಪುಸ್ತಕದಲ್ಲಿ ಮೇಜಿನ ಮೇಲಿನ ಸಂಗತಿಗಳಿದ್ದವು, ಕೆಳಗಿನದು ಒಂದೂ ಇರಲಿಲ್ಲ.

ಅಷ್ಟು ಹೊತ್ತಿಗೆ ಬೆಳ್ಳಿ ಬಾಗಿಲಿಗೆ ಬಂದು ನಿಂತಿದ್ದರು. ಸಿಟ್ಟು ಮಾಡಲಿಲ್ಲ.

"ನೀನೇ ಕೆಳೀಕ್ ಬಾ ಮಗಾ," ಎಂದರು. "ನಿಂಗೆ ಚಿಕ್ಕ್ ವಯ್ಸು, ಮಂಡಿ ಬಗ್ತದೆ. ಅವ್ಳ್ಗೆ ಈಗ ಮೇಲೀಕ್ ಬರೋ ಸಕ್ತಿ ಇಲ್ಲ."

೮. ಸದರಿ ದಾದಿಯವರು ಬಹಳ ಹೊತ್ತು ತಮ್ಮ ಬೂಟುಗಳನ್ನೇ ನೋಡಿದರೆಂದು ಸಾಕಮ್ಮನವರ ಹೇಳಿಕೆ. ಅರ್ಧ ನಿಮಿಷವೆಂದು ಶಿವನಂಜಮ್ಮನವರ ವಿವರಣೆ. ಏನೇ ಇರಲಿ, ಅದಾದ ಮೇಲೆ ಅವನ್ನು ಕಳಚಿ ಗೋಡೆಯ ಪಕ್ಕ ಇಟ್ಟರು. ಕೈಯನ್ನು ಇನ್ನೊಮ್ಮೆ ತೊಳೆದರು. ಬಗ್ಗಿ ಮೇಜಿನ ಕೆಳಗೆ ಹೋದರು. ಟೋಪಿ ಮೇಜಿನ ತಳಕ್ಕೆ ತಗುಲಿ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ.

೯. ಮೇಜಿನ ಕೆಳಗೆ ಪ್ರವೇಶಿಸುವ ದಾದಿಯರು ಟೋಪಿಯನ್ನು ಮುಂಚಿತವಾಗಿ ತೆಗೆದು ಮೇಜಿನ ಮೇಲೆ ಇಡತಕ್ಕದ್ದು. ಇದರಿಂದ ಟೋಪಿ ಸ್ವಚ್ಛವಾಗಿ ಉಳಿಯುವುದಲ್ಲದೆ, ಮೇಜು ಸಹ ಉಪಯೋಗದಲ್ಲಿದೆ ಎಂದು ವರದಿ ಮಾಡಲು ಅನುಕೂಲವಾಗುತ್ತದೆ.

೧೦. ಕೆಳಗೆ ಹೋಗಿ ಚಿಕ್ಕಮಾದಿಯ ಹೊಟ್ಟೆಯ ಮೇಲೆ ಕೈಯಿಟ್ಟಾಗ ಶಿವನಂಜಮ್ಮನವರಿಗೆ ಕಿಬ್ಬೊಟ್ಟೆಯ ಬಳಿ ಮೆತ್ತಗಿನ ಒಂದು ಉಬ್ಬು ಸಿಕ್ಕಿತು. ಅದು ಮಗುವಿನ ತಲೆಯಲ್ಲ, ಬೆನ್ನೂ ಅಲ್ಲ. ತರಬೇತಿಯಲ್ಲಿ ಹತ್ತು ಸಲ ಹೇಳಿಕೊಟ್ಟದ್ದು ಆಗ ನೆನಪಿಗೆ ಬಂತು.

"ಕೊನೇ ಸಲ ಉಚ್ಚೆ ಹೊಯ್ದಿದ್ದು ಯಾವಾಗ?" ಎಂದು ಕೇಳಿದರು.

ಚಿಕ್ಕಮಾದಿ ಬೆಳ್ಳಿಯ ಮುಖ ನೋಡಿದಳು. "ನೆನ್ನೆ ಬೆಳಗ್ಗೆ," ಎಂದು ಬೆಳ್ಳಿ ಲೆಕ್ಕ ಹಾಕಿ ಹೇಳಿದರು. "ಆಮೇಲ್ ಕೂತ್ಳು, ಬರ್ನಿಲ್ಲ."

ಮೂತ್ರ ಕಟ್ಟಿಕೊಂಡು ಚೀಲ ಉಬ್ಬಿ ಮಗು ಇಳಿಯುವ ದಾರಿಗೆ ಅಡ್ಡ ಕೂತಿತ್ತು. ಶಿವನಂಜಮ್ಮನವರು ಕುದಿಸಿಟ್ಟ ರಬ್ಬರ್ ನಳಿಕೆಯನ್ನು ತರಿಸಿದರು. ಸಾಕಮ್ಮನವರು ಟಾರ್ಚು ಹಿಡಿದರು. ಬೇಸಿನ್ ತುಂಬುತ್ತಾ ಬಂದ ಹಾಗೆ ಚಿಕ್ಕಮಾದಿ ಎರಡು ದಿನದಲ್ಲಿ ಮೊದಲ ಬಾರಿಗೆ ಪೂರ್ತಿ ಉಸಿರು ಬಿಟ್ಟಳು. ಬೆಳ್ಳಿ ಆ ನಳಿಕೆಯನ್ನು ತುಂಬ ಹೊತ್ತು ನೋಡುತ್ತಿದ್ದರು.

"ಇದು ನಂಗ್ ಗೊತ್ತಿರ್ನಿಲ್ಲ," ಎಂದರು.

"ಉಳಿದದ್ದು ನನಗೆ ಗೊತ್ತಿಲ್ಲ," ಎಂದರು ಶಿವನಂಜಮ್ಮನವರು. "ಹೀಗೆ ಕೂತಿರುವಾಗ ಹೇಗೆ ಮಾಡಿಸುವುದೋ ನೀವು ಹೇಳಿ ಅಜ್ಜಿ."

ಹೊರಗಿನ ಬೆಂಚಿಗೆ ಕಳುಹಿಸುವಾಗ ಏಕವಚನದಲ್ಲಿದ್ದ ಅಜ್ಜಿಯವರು ಇಲ್ಲಿ ಬಹುವಚನಕ್ಕೆ ಬಡ್ತಿ ಹೊಂದಿರುವುದನ್ನು ಶಾಖೆ ಗಮನಿಸಿದೆ. ಇದಕ್ಕೆ ಮೇಲಧಿಕಾರಿಗಳ ಮಂಜೂರಾತಿ ಪಡೆದಿರುವುದಿಲ್ಲ.

೧೧. ಬೆಳ್ಳಿ ಹೇಳಿದ್ದು ಇಷ್ಟು: "ಮೊದ್ಲು ಮರೆ ಬೇಕು ಕಣವ್ವ. ನಮ್ಮಲ್ಲಿ ಎರೋಕೆ ಅಂತ್ಲೇ ಒಂದು ಗಿಡ್ಡ ಗುಡ್ಲು ಇರ್ತದೆ. ಬಯಲಲ್ಲಿ ಎತ್ತರುಕ್ಕೆ ಮಲಗ್ಸುದ್ರೆ ಅವ್ಳೂ ಎದರ್ಕತಾಳೆ, ಕೂಸೂ ಎದರ್ಕತದೆ."

ಶಿವನಂಜಮ್ಮನವರು ಬೀರುವಿನಿಂದ ಸರ್ಕಾರಿ ಮುದ್ರೆಯ ನಾಲ್ಕು ಹೊದಿಕೆಗಳನ್ನು ತರಿಸಿ ಮೇಜಿನ ನಾಲ್ಕೂ ಕಡೆ ಇಳಿಬಿಡಿಸಿದರು. ಒಳಗೆ ಹಂಡೆಯ ಒಳಗಿನಂಥ ಮಬ್ಬು ಕವಿಯಿತು. ಬೆಳ್ಳಿ ಒಳಗೆ ಬಂದು ಚಿಕ್ಕಮಾದಿಯ ಬೆನ್ನಿಗೆ ತಮ್ಮ ಎದೆ ಕೊಟ್ಟು ಕೂತರು. ಶಿವನಂಜಮ್ಮನವರು ಮುಂದೆ ಕೂತರು. ಸಾಕಮ್ಮನವರು ಹೊದಿಕೆಯ ಸಂದಿಯಿಂದ ಟಾರ್ಚು ತೂರಿಸಿದರು. ಹನ್ನೊಂದು ಗಂಟೆಯ ಹೊತ್ತಿಗೆ ನೋವು ಮರಳಿ ಬಂತು, ಬಲವಾಗಿಯೇ ಬಂತು.

೧೨. ಮೇಜಿನ ನಾಲ್ಕೂ ಕಡೆ ಹೊದಿಕೆ ಇಳಿಬಿಟ್ಟಾಗ ಸದರಿ ಮೇಜು ಗೋಡೆ, ಚಾವಣಿ ಮತ್ತು ಪ್ರವೇಶದ್ವಾರ ಹೊಂದಿದ ಕಟ್ಟಡದ ಲಕ್ಷಣಗಳನ್ನು ಪಡೆಯುತ್ತದೆ. ಆದುದರಿಂದ ನಾಲ್ಕನೇ ಹೊದಿಕೆಗೆ ಕಟ್ಟಡ ಶಾಖೆಯ ಒಪ್ಪಿಗೆ ಅವಶ್ಯ. ಒಪ್ಪಿಗೆ ಬರುವವರೆಗೆ ಮೂರು ಹೊದಿಕೆ ಬಿಟ್ಟು, ನಾಲ್ಕನೆಯ ಕಡೆ ಆಯಾ ನಿಲ್ಲತಕ್ಕದ್ದು. ಆಯಾ ಕಟ್ಟಡದ ಭಾಗವಲ್ಲವೆಂದು ಸ್ಪಷ್ಟಪಡಿಸಲಾಗಿದೆ.

೧೩. ಇದೇ ವೇಳೆಗೆ ಕಂಠಪ್ಪನವರು ಬಿಸಿನೀರಿನ ಕೆಟಲು ತಂದು ಬಾಗಿಲ ಹೊರಗೆ ನಿಂತರು. ಒಳಗೆ ಹೋಗುವುದು ಸರಿಯಲ್ಲವೆಂದು ತಿಳಿದವರು. ಆದರೂ ಬಾಗಿಲ ಸಂದಿಯಲ್ಲಿ ಮೇಜಿನ ಮೇಲ್ಭಾಗ ಕಂಡಿತು. ಅಲ್ಲಿ ಯಾರೂ ಇರಲಿಲ್ಲ, ಹೆಂಗಸರ ದನಿ ಮಾತ್ರ ಕೇಳುತ್ತಿತ್ತು. ಅವರು ಕೆಂಚನ ಕಡೆ ತಿರುಗಿ, "ಮೇಜು ಕಾಲಿ ಅದಲ್ಲಯ್ಯ," ಎಂದರು.

ಕೆಂಚ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಕಂಬದ ಪಕ್ಕ ಕೂತವನು ತಲೆಯೆತ್ತಿ, "ನನ್ನೆಡ್ತಿ ಎಲ್ಲವ್ಳೆ ಸ್ವಾಮಿ?" ಎಂದು ಕೇಳಿದ. ಅವನ ಮುಖ ನೋಡಿ ಕಂಠಪ್ಪನವರಿಗೆ ಕಾನೂನಿನ ಮಾತು ಬರಲಿಲ್ಲ. "ಒಳಗೇ ಅವ್ಳೆ ಕಣಪ್ಪ, ಅಜ್ಜಿ ಜೊತೇಲಿ ಅವ್ಳೆ," ಎಂದು ಹೇಳಿ ತಮ್ಮ ಬುತ್ತಿಯ ಅರ್ಧ ರಾಗಿರೊಟ್ಟಿ ಕೊಟ್ಟರು. ತಮ್ಮ ಪತ್ರದಲ್ಲಿ ಈ ರೊಟ್ಟಿಯ ಸಂಗತಿಯನ್ನು ಅವರು ಬಿಟ್ಟಿರುತ್ತಾರೆ. ಕೆಂಚನ ಹೇಳಿಕೆಯಿಂದ ತಿಳಿದುಬಂದಿದೆ.

೧೪. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಹೆಣ್ಣು ಮಗು ಹುಟ್ಟಿತು. ಕೊರಳಿಗೆ ಕರುಳಬಳ್ಳಿ ಒಂದು ಸುತ್ತು ಬಂದಿತ್ತು. ಶಿವನಂಜಮ್ಮನವರು ಅದನ್ನು ಬೆರಳಿನಿಂದ ಜಾರಿಸಿ ಬಿಡಿಸಿದರು. ಮಗು ಅಳಲಿಲ್ಲ. ಮೈ ನೀಲಿಗಟ್ಟಿತ್ತು.

"ಅಳ್ತಾ ಇಲ್ವಲ್ಲ ಅಜ್ಜಿ," ಎಂದಳು ಚಿಕ್ಕಮಾದಿ. ಆ ದಿನ ಅವಳು ಆಡಿದ ಮೊದಲ ಮಾತು ಅದು.

ಬೆಳ್ಳಿ ಶಿವನಂಜಮ್ಮನವರನ್ನೇ ನೋಡುತ್ತಿದ್ದರು. ಶಿವನಂಜಮ್ಮನವರು ಬೇರೊಂದು ನಳಿಕೆಯಿಂದ ಮಗುವಿನ ಬಾಯಿ ಮೂಗಿನ ಲೋಳೆ ಎಳೆದು ಉಗಿದರು, ಮತ್ತೆ ಎಳೆದು ಉಗಿದರು. ಬಟ್ಟೆಯಲ್ಲಿ ಬೆನ್ನು ತಿಕ್ಕಿದರು, ಅಂಗಾಲು ತಟ್ಟಿದರು. ಮಗು ಅಲುಗಿತೆಂದು ತಮಗೆ ಎರಡು ಸಲ ಭ್ರಮೆಯಾಯಿತೆಂದು ಬರೆದಿರುತ್ತಾರೆ. ಬೆಳ್ಳಿ ಚಿಕ್ಕಮಾದಿಯ ಹಿಂದಿನಿಂದ ಕೈ ಚಾಚಿ ಅವರ ಮಣಿಕಟ್ಟು ಹಿಡಿದು ಮತ್ತೆ ಮಗುವಿನ ಬೆನ್ನ ಮೇಲಿಟ್ಟರು. ಮೂರನೆಯ ಸಲ ಬೆನ್ನು ತಿಕ್ಕಿದಾಗ ಮಗು ಬೆಕ್ಕಿನ ಮರಿಯಂತೆ ಒಂದು ಸದ್ದು ಮಾಡಿತು. ಆಮೇಲೆ ಆಸ್ಪತ್ರೆಯ ಗೇಟಿನ ತನಕ ಕೇಳುವ ಹಾಗೆ ಅತ್ತಿತು.

ಮಾಸು, ಅಂದರೆ ಹೆರಿಗೆಯ ಕಸ, ಬಿದ್ದ ಮೇಲೆ ರಕ್ತ ಬೇಕಾದ್ದಕ್ಕಿಂತ ಹೆಚ್ಚಾಗಿ ಹೋಗತೊಡಗಿದಾಗ ಶಿವನಂಜಮ್ಮನವರು ಸೂಜಿಮದ್ದು ಕೊಟ್ಟು, ಹೊಟ್ಟೆ ನೀವಿ, ಅದು ನಿಲ್ಲುವ ತನಕ ಕೈ ತೆಗೆಯದೆ ಕೂತರು. ಎಲ್ಲ ಸರಿಹೋಯಿತೆಂದು ಖಾತ್ರಿಯಾದಾಗ ತಾವು ಎಲ್ಲಿದ್ದೇವೆಂಬುದನ್ನು ಮರೆತು ಎದ್ದು ನಿಲ್ಲಲು ಹೋಗಿ ಮೇಜಿಗೆ ತಲೆ ಹೊಡೆಸಿಕೊಂಡರು. ಬುಗುಟೆ ಬಂತು. ಬೆಳ್ಳಿ ಅದನ್ನು ಅಂಗೈಯಲ್ಲಿ ಒತ್ತಿ, "ಇದೂ ಚೊಚ್ಚಲೇ," ಎಂದರು. ಎರಡು ದಿನ ನೋವು ತಿಂದಿದ್ದ ಚಿಕ್ಕಮಾದಿ ಆಗ ನಕ್ಕಳೆಂದು ಸಾಕಮ್ಮನವರು ಹೇಳುತ್ತಾರೆ.

೧೫. ಮೇಜಿನ ಕೆಳಗೆ ಸಂತೋಷಪಡುವ ಸಿಬ್ಬಂದಿಯವರು ಕುಳಿತೇ ಸಂತೋಷಪಡತಕ್ಕದ್ದು. ಬುಗುಟೆ ಬಂದಲ್ಲಿ ಅದರ ಸುತ್ತಳತೆಯನ್ನು ಮೇಜಿನ ದಾಸ್ತಾನು ಪುಸ್ತಕದಲ್ಲಿ ನಮೂದಿಸತಕ್ಕದ್ದು.

೧೬. ತೊಡಕು ಶುರುವಾದದ್ದು ರಿಜಿಸ್ಟರಿನಿಂದ. ಹೆರಿಗೆ ರಿಜಿಸ್ಟರಿನ ಏಳನೇ ಕಲಮು "ಯಾವ ಮೇಜಿನ ಮೇಲೆ" ಎಂದಿದೆ. ಶಿವನಂಜಮ್ಮನವರು ಅಲ್ಲಿ "ಮೇಜಿನ ಕೆಳಗೆ" ಎಂದು ಬರೆದರು. ಒಂಬತ್ತನೇ ಕಲಮು "ಹೆರಿಗೆ ಮಾಡಿಸಿದವರು" ಎಂದಿದೆ. ಅಲ್ಲಿ "ಬೆಳ್ಳಿ, ಶಿವನಂಜಮ್ಮ" ಎಂದು ಬರೆದರು.

ಕಂಠಪ್ಪನವರು ರಿಜಿಸ್ಟರು ನೋಡಿ ಬೆವೆತರು. "ಮೇಲೆ ಅಂತ್ಲೇ ಬರೀರಿ ಸಿಸ್ಟರ್," ಎಂದು ಬುದ್ಧಿ ಹೇಳಿದರು. "ನೀವಿನ್ನೂ ಪ್ರೊಬೇಷನ್‌ನಲ್ಲಿದೀರಿ. ಯಾರು ಬಂದು ನೋಡ್ತಾರೆ?"

"ಯಾರೂ ನೋಡಲ್ಲ ಅಂತ ಸುಳ್ಳು ಬರೆದರೆ ಎಲ್ಲರೂ ಮೇಲೆಯೇ ಹೆರುತ್ತಾರೆ ಅಂತಾಗುತ್ತದೆ ಕಂಠಪ್ಪನೋರೆ. ಇನ್ನೊಬ್ಬಳು ಬಂದಾಗ ನನ್ನ ಹಾಗೆಯೇ ಇನ್ಯಾರೋ ಮೇಲೆ ಬಾ ಅಂತ ಗದರಿಸುತ್ತಾರೆ."

ಕಂಠಪ್ಪನವರು ಒಂದು ವಾರ ರಿಜಿಸ್ಟರನ್ನು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡು, ನಿದ್ದೆ ಬಾರದೆ, ಕೊನೆಗೆ ಉಲ್ಲೇಖ (೧)ರ ಪತ್ರ ಬರೆದರು. ಅದರ ಮೇಲೆ ಈ ಶಾಖೆಯು ಸದರಿ ದಾದಿಯವರನ್ನು ಕೆಲಸದಿಂದ ಏಕೆ ತೆಗೆಯಬಾರದೆಂದು ಕಾರಣ ಕೇಳಿತು, ಮತ್ತು ಇಲಾಖೆಗೆ ಸೇರದ ಬೆಳ್ಳಿಯವರ ಹೆಸರನ್ನು ಹೊಡೆದುಹಾಕಲು ಸೂಚಿಸಿತು.

ನೋಟೀಸು ತಲುಪಿದ ದಿನ ಶಿವನಂಜಮ್ಮನವರು ಟ್ರಂಕು ತೆಗೆದು ಬಟ್ಟೆ ಜೋಡಿಸಿದರು. ಊರಿಗೆ ಹೋಗಿ ಅಪ್ಪನ ಮುಂದೆ ಏನು ಹೇಳುವುದೆಂದು ಯೋಚಿಸಿದರು. ಆಮೇಲೆ ಟ್ರಂಕಿನ ಮೇಲೆಯೇ ಕಾಗದ ಇಟ್ಟು ಹನ್ನೊಂದು ಪುಟ ಬರೆದರು. ಕೊನೆಯ ಪುಟದಲ್ಲಿ ಇರುವುದು ನಾಲ್ಕೇ ಸಾಲು: "ಮುಂದೆ ಕೂತವಳು ನಾನು, ಹಿಂದೆ ಕೂತವರು ಅವರು. ಇಬ್ಬರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಆ ತಾಯಿ ಉಳಿಯುತ್ತಿರಲಿಲ್ಲ. ಒಂದು ಹೆಸರು ಹೊಡೆಯಲೇಬೇಕಾದರೆ ನನ್ನದನ್ನು ಹೊಡೆಯಿರಿ. ಅವರ ಹೆಸರು ಇನ್ನೆಲ್ಲೂ ಬರೆದಿಲ್ಲ."

೧೭. ಅಕ್ಟೋಬರ್ ೧೭ರ ಗುರುವಾರ ಕೆಳಗೆ ಸಹಿ ಮಾಡಿದವರು ತನಿಖಾಧಿಕಾರಿಗಳಾಗಿ ಅಳತೆ ಟೇಪಿನೊಂದಿಗೆ ಬೂದಿಹಳ್ಳಕ್ಕೆ ಖುದ್ದು ಭೇಟಿ ಕೊಟ್ಟರು. ಆ ವೇಳೆಗೆ ಅಲ್ಲಿ ಹದಿನಾಲ್ಕು ಹೆರಿಗೆಗಳಾಗಿದ್ದು, ಹನ್ನೊಂದು ಕೆಳಗೆ, ಮೂರು ಮೇಲೆ. ಬಂದವರನ್ನು "ಮೇಲಾ ಕೆಳಗಾ" ಎಂದು ಸಾಕಮ್ಮನವರು ಬಾಗಿಲಲ್ಲೇ ಕೇಳುತ್ತಿದ್ದರು. ಬೆಳ್ಳಿಯವರು ವಾರಕ್ಕೆರಡು ದಿನ ಹಾಡಿಯಿಂದ ನಡೆದು ಬರುತ್ತಿದ್ದರು, ಯಾರೂ ಕರೆದಿರಲಿಲ್ಲ.

ತನಿಖೆಯ ಅಂಗವಾಗಿ ಮೇಜಿನ ತಳದಲ್ಲಿ ಬರೆದಿರುವ ದಾಸ್ತಾನು ಸಂಖ್ಯೆಯನ್ನು ತಾಳೆ ನೋಡಲು ತನಿಖಾಧಿಕಾರಿಗಳು ಹೊದಿಕೆ ಸರಿಸಿ ಒಳಗೆ ತೆರಳಿದರು. ಆ ಸಮಯಕ್ಕೆ ಸರಿಯಾಗಿ ಊರಿನ ಜಮೀನುದಾರರಾದ ತಿಮ್ಮಯ್ಯನವರ ಸೊಸೆಗೆ ನೋವು ಕಾಣಿಸಿ ಆಸ್ಪತ್ರೆಗೆ ಕರೆತರಲಾಯಿತು. ಹೊದಿಕೆಯನ್ನು ಎತ್ತಿದವರು ಬೆಳ್ಳಿ.

"ಯಾರಪ್ಪ ನೀನು?" ಎಂದು ಕೇಳಿದರು. "ಏಳು ಮತ್ತೆ. ಎಣ್ಮಗ ಬಂದದೆ."

ತಾವು ಸರ್ಕಾರದ ಕಡೆಯವರೆಂದು ತಿಳಿಸಲಾಯಿತು.

"ಇರ್ಲಿ. ಈಚೀಕ್ ಬಾ," ಎಂದು ತಿಳಿಸಲಾಯಿತು.

ತನಿಖಾಧಿಕಾರಿಗಳು ಹೊರಬಂದರು. ಅವರ ಕೈಗೆ ಬಿಸಿನೀರಿನ ಕೆಟಲನ್ನು ಕೊಡಲಾಯಿತು, ಯಾರು ಕೊಟ್ಟರೆಂಬುದು ದಾಖಲಾಗಿಲ್ಲ. ಜಗಲಿಯಲ್ಲಿ ಅವರು, ತಿಮ್ಮಯ್ಯನವರು ಮತ್ತು ಕಂಠಪ್ಪನವರು ಸಾಲಾಗಿ ಮೂರು ಗಂಟೆ ಕೂತರು. ತಿಮ್ಮಯ್ಯನವರು ಎಲೆಯಡಿಕೆ ಕೊಟ್ಟರು. ಒಳಗಿನಿಂದ ಶಿವನಂಜಮ್ಮನವರ ದನಿ ಬರುತ್ತಿತ್ತು: "ಅವಸ್ರ ಪಡ್ಬ್ಯಾಡ ಕಣವ್ವ. ಅಜ್ಜಿ ಉಸ್ರು ಬುಟ್ಟಂಗೇ ನೀನೂ ಬುಡು." ಅವರ ವಿವರಣೆಯ ಹನ್ನೊಂದು ಪುಟದ ಕನ್ನಡವೂ ಈ ಕನ್ನಡವೂ ಒಬ್ಬರದೇ ಎಂದು ನಂಬಲು ತನಿಖಾಧಿಕಾರಿಗಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮೂರೂವರೆಗೆ ಮಗು ಅತ್ತಾಗ ತಿಮ್ಮಯ್ಯನವರು ಟವೆಲಿನಲ್ಲಿ ಮುಖ ಒರೆಸಿಕೊಂಡರು. ತನಿಖಾಧಿಕಾರಿಗಳು ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡರು. ಮೇಜಿನ ಸಂಖ್ಯೆ ಕೊನೆಗೂ ಗೊತ್ತಾಗಲಿಲ್ಲ.

೧೮. ಎಲ್ಲಾ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಆದೇಶಿಸಿರುವುದೇನೆಂದರೆ:

(ಅ) ಏಳನೇ ಕಲಮಿನ ಶೀರ್ಷಿಕೆಯನ್ನು "ಮೇಜಿನ ಮೇಲೆ / ಕೆಳಗೆ" ಎಂದು ಓದಿಕೊಳ್ಳತಕ್ಕದ್ದು. ಅನ್ವಯಿಸದ್ದನ್ನು ಹೊಡೆದುಹಾಕಬೇಕು. ಎಲ್ಲಿ ಹೆರಬೇಕೆಂಬುದನ್ನು ಹೆರುವವರು ತೀರ್ಮಾನಿಸಬಹುದು. ಈ ಶಾಖೆಯಲ್ಲಿ ಹೆತ್ತವರು ಯಾರೂ ಇರುವುದಿಲ್ಲ.

(ಆ) ಮೇಜಿಗೆ ಯಾವುದೇ ಹಾನಿಯಾಗಿಲ್ಲವಾದ್ದರಿಂದ ಹಾಗೂ ಮೇಜಿನ ಕಡೆಯಿಂದ ದೂರು ಬಾರದ್ದರಿಂದ ಉಲ್ಲೇಖ (೨)ರ ನೋಟೀಸನ್ನು ಹಿಂತೆಗೆದುಕೊಳ್ಳಲಾಗಿದೆ. ಕುಮಾರಿ ಶಿವನಂಜಮ್ಮನವರ ನೌಕರಿಯನ್ನು ಖಾಯಂಗೊಳಿಸಲು ಶಿಫಾರಸು ಮಾಡಲಾಗಿದೆ. ಸದರಿಯವರನ್ನು ಮೈಸೂರಿಗೆ ವರ್ಗಾಯಿಸಿಕೊಡಬಹುದೆಂದು ಬಾಯಿಮಾತಿನಲ್ಲಿ ತಿಳಿಸಲಾಗಿ, ಮುಂದಿನ ಗುರುವಾರಕ್ಕೆ ಒಬ್ಬರನ್ನು ಬರಹೇಳಿರುವುದಾಗಿಯೂ, ಅದರ ಮುಂದಿನ ವಾರಕ್ಕೆ ಇಬ್ಬರನ್ನು ಬರಹೇಳಿರುವುದಾಗಿಯೂ ಉತ್ತರಿಸಿರುತ್ತಾರೆ.

(ಇ) ಒಂಬತ್ತನೇ ಕಲಮಿನಲ್ಲಿ ಎರಡೂ ಹೆಸರುಗಳು ಇರತಕ್ಕದ್ದು. ಹೆಸರುಗಳ ಕ್ರಮ ವಯಸ್ಸಿನಂತೆ.

(ಸಹಿ)
ನಂಜುಂಡಸ್ವಾಮಿ
ಪೀಠೋಪಕರಣ ಸೂಪರಿಂಟೆಂಡೆಂಟ್

ಪ್ರತಿಗಳು:
೧. ಜಿಲ್ಲೆಯ ಎಲ್ಲಾ ಗ್ರಾಮಾಂತರ ಆಸ್ಪತ್ರೆಗಳಿಗೆ, ಹೆರಿಗೆ ಕೋಣೆಯ ಗೋಡೆಯ ಮೇಲೆ ಅಂಟಿಸಲು. ಕೂತವರ ಕಣ್ಣಿಗೆ ಬೀಳುವ ಎತ್ತರದಲ್ಲಿ.
೨. ಕಟ್ಟಡ ಶಾಖೆಗೆ, ನಾಲ್ಕನೇ ಹೊದಿಕೆಯ ಬಗ್ಗೆ ಶೀಘ್ರ ಕ್ರಮಕ್ಕಾಗಿ.
೩. ಶ್ರೀ ಕಂಠಪ್ಪ, ಕಾಂಪೌಂಡರ್, ಇವರಿಗೆ, ನೆಮ್ಮದಿಯಾಗಿ ನಿದ್ದೆ ಮಾಡುವ ಸಲುವಾಗಿ.
೪. ಶ್ರೀ ಕೆಂಚ, ಇವರಿಗೆ, ಮಗುವಿನ ಹೆಸರು ಇಟ್ಟಾದ ಮೇಲೆ ತಿಳಿಸಲು ಕೋರಿ.
೫. ಕಚೇರಿ ಪ್ರತಿ.
೬. ಶ್ರೀಮತಿ ಬೆಳ್ಳಿ, ಇವರಿಗೆ. ಓದಲು ಬಾರದಿರುವುದರಿಂದ ಕುಮಾರಿ ಶಿವನಂಜಮ್ಮನವರು ಪೂರ್ತಿ ಓದಿ ಹೇಳತಕ್ಕದ್ದು. ಕೇಳಿದ ಮೇಲೆ ಅವರು ಏನಾದರೂ ಅಂದಲ್ಲಿ ಅದನ್ನು ಈ ಶಾಖೆಗೆ ಬರೆದು ಕಳುಹಿಸುವ ಅವಶ್ಯಕತೆ ಇರುವುದಿಲ್ಲ.